ಕುದುರೆಯ ಹಿಂದಿನ ನೀರುಗಾಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಚಾರ್ಲ್ಸ್‌ಟನ್ನಿನ ಹಳೇ ಮಾರುಕಟ್ಟೆಯ ಹಿಂದಿರುವ ಲಾಯದ ಅಂಗಳದಲ್ಲಿ ಯೂಲಾ ಮಜೀಕ್ ತಮ್ಮ ಪುಟ್ಟ ಟ್ರಕ್ಕಿನ ಬೆನ್ನ ಮೇಲಿರುವ ಟ್ಯಾಂಕಿಗೆ ನೀರು ಬಿಡುತ್ತಿದ್ದಾರೆ. ಒಂದು ಕೈ ಪೈಪಿನ ಮೇಲೆ, ಇನ್ನೊಂದು ಕೈ ಟ್ಯಾಂಕಿನ ಹೊಟ್ಟೆಯ ಮೇಲೆ. ಸಮುದ್ರದ ಇಳಿತದ ಹೊತ್ತು. ಜವುಗಿನ ಕೆಸರು ಬಾಯಿ ಬಿಟ್ಟುಕೊಂಡು ಮಲಗಿರಬೇಕು, ಅದರ ವಾಸನೆ ಓಣಿ ಓಣಿಯಲ್ಲೂ ತುಂಬಿದೆ. ಲಾಯದ ಒಳಗಿನಿಂದ ಒಂದು ಶಿಳ್ಳೆ ಕೇಳುತ್ತದೆ. ಸಣ್ಣಗೆ, ಉದ್ದಕ್ಕೆ, ಮಗುವನ್ನು ಮಲಗಿಸುವ ಹಾಗೆ.

"ಅದು ಫಾನ್ಜೊ," ಎನ್ನುತ್ತಾರೆ ಯೂಲಾ. "ಬೀದಿಗೆ ಹೊರಡೋ ಮುಂಚೆ ಕುದುರೆಗೆ ಇಲ್ಲೇ ಉಚ್ಚೆ ಹೊಯ್ಸೋಕೆ ನೋಡ್ತಿದ್ದಾನೆ. ನನಗೊಂದು ಕೆಲಸ ಕಮ್ಮಿ ಆಗ್ಲಿ ಅಂತ. ಡೀಕನ್ ಅವನ ಶಿಳ್ಳೆಗೆ ಬಿಟ್ರೆ ಇನ್ಯಾರ ಶಿಳ್ಳೆಗೂ ಬಗ್ಗಲ್ಲ."

ಡೀಕನ್ ಅಂದರೆ ಫಾನ್ಜೊನ ಸಾರೋಟಿನ ಕುದುರೆ. ಕಪ್ಪಗೆ, ಎತ್ತರಕ್ಕೆ, ಚರ್ಚಿನಲ್ಲಿ ಚಂದಾ ತಟ್ಟೆ ಹಿಡಿದು ನಿಲ್ಲುವ ಹಿರಿಯರ ಹಾಗೆ ಗಂಭೀರ. ಅದಕ್ಕೇ ಆ ಹೆಸರು.

ಯೂಲಾ ಅವರ ಕೆಲಸ ಹೇಳುವುದಕ್ಕೆ ಸುಲಭ, ಕೇಳುವುದಕ್ಕೆ ಜನಕ್ಕೆ ಮುಜುಗರ. ಪ್ರವಾಸಿಗಳನ್ನು ಹೊತ್ತು ಊರು ಸುತ್ತುವ ಸಾರೋಟಿನ ಕುದುರೆಗಳಿಗೆ ಬಾಲದ ಕೆಳಗೆ ಚೀಲ ಕಟ್ಟಿರುತ್ತಾರೆ, ಲದ್ದಿ ಅದರೊಳಗೆ ಬೀಳುತ್ತದೆ. ಉಚ್ಚೆಗೆ ಯಾವ ಚೀಲವೂ ಇಲ್ಲ. ಕುದುರೆ ಎಲ್ಲಿ ಹೊಯ್ಯುತ್ತದೋ ಅಲ್ಲಿ ಸಾರೋಟಿನವನು ತಳಕ್ಕೆ ಭಾರ ಕಟ್ಟಿದ ಒಂದು ಪುಟ್ಟ ಬಾವುಟ ಬೀಳಿಸಿ, ವೈರ್‌ಲೆಸ್ಸಿನಲ್ಲಿ ಬೀದಿಯ ಹೆಸರು ಕೂಗಿ ಮುಂದೆ ಹೋಗುತ್ತಾನೆ. ಯೂಲಾ ಬರುತ್ತಾರೆ. ಬಾವುಟ ಎತ್ತಿ, ವಾಸನೆ ಕೊಲ್ಲುವ ದ್ರಾವಣ ಸುರಿದು, ನೀರು ಬಿಟ್ಟು, ಮುಂದಿನ ಬಾವುಟಕ್ಕೆ ಹೋಗುತ್ತಾರೆ. ಒಳ್ಳೆಯ ದಿನವಾದರೆ ಇಪ್ಪತ್ತು ಕಡೆ, ಸೆಕೆಗೆ ಕುದುರೆಗಳು ಬಕೆಟ್ಟುಗಟ್ಟಲೆ ನೀರು ಕುಡಿದ ದಿನ ಅದರ ಎರಡು ಪಾಲು. ಹುಣ್ಣಿಮೆಯ ಭರತ ಬಂದಾಗ ಮಾತ್ರ ಸಮುದ್ರವೇ ಚರಂಡಿಯ ಬಾಯಿಂದ ಮೇಲೆದ್ದು ಬೀದಿಗೆ ಬರುತ್ತದೆ. "ಆವತ್ತು ನನ್ನ ಕೆಲಸ ಸಮುದ್ರಾನೇ ಮಾಡತ್ತೆ," ಎಂದು ನಗುತ್ತಾರೆ. "ಸಂಬಳ ಮಾತ್ರ ಕೇಳಲ್ಲ ಪಾಪ."

ನಮ್ಮ ಊರನ್ನು ಹೊಗಳಿ ಬರೆಯುವವರಿಗೆ ಯಾವ ಕಾಲಕ್ಕೂ ಬರ ಬಂದಿಲ್ಲ. ಗೋಡೆ ಮೇಲಿಂದ ಇಳಿಬಿದ್ದ ಮಲ್ಲಿಗೆ ಬಳ್ಳಿಯಂತೆ, ಪಡಸಾಲೆಯ ನೀಲಿ ಸೂರಂತೆ, ಗುಂಡುಕಲ್ಲಿನ ಬೀದಿಯಂತೆ. ಬರೀರಿ ಸ್ವಾಮಿ, ಬೇಡ ಅಂದವರು ಯಾರು? ಆದರೆ ಆ ಮಲ್ಲಿಗೆ ನಿಮ್ಮ ಮೂಗಿಗೆ ಬರಬೇಕಾದರೆ ಅದಕ್ಕೆ ಮೊದಲು ಇನ್ನೊಂದು ವಾಸನೆ ಅಲ್ಲಿಂದ ಹೋಗಿರಬೇಕು. ಅದನ್ನು ಓಡಿಸಿದವರು ಯಾರು ಎಂದು ಒಬ್ಬನೂ ಒಂದು ಸಾಲು ಬರೆದಿಲ್ಲ. ಟ್ರಕ್ಕು ಕಂಡರೆ ಪ್ರವಾಸಿಗಳು ಮೂಗು ಮುಚ್ಚಿಕೊಳ್ಳುತ್ತಾರೆ. ಉಚ್ಚೆ ಹೊಯ್ದ ಕುದುರೆಯ ಜೊತೆ ನಿಂತು ಫೋಟೊ ತೆಗೆಸಿಕೊಂಡವರೇ, ತೊಳೆಯುವ ಹೆಂಗಸಿನಿಂದ ಎರಡು ಹೆಜ್ಜೆ ಸರಿದು ನಿಲ್ಲುತ್ತಾರೆ.

ಇವತ್ತು ಮಂಗಳವಾರ. ಯೂಲಾ ಅವರ ಅಣ್ಣ ತೀರಿಕೊಂಡದ್ದು ಭಾನುವಾರ. ಶನಿವಾರ ಮಣ್ಣು.

"ಮನೇಲಿ ಕೂತು ಏನ್ ಮಾಡ್ಲಿ?" ಎನ್ನುತ್ತಾರೆ, ನೀರು ನಿಲ್ಲಿಸುತ್ತ. "ಕುದುರೆಗಳಿಗೆ ಗೊತ್ತಾಗತ್ತಾ ನಮ್ಮನೇಲಿ ಸಾವಾಗಿದೆ ಅಂತ?"

ಟ್ರಕ್ಕಿನ ಪಕ್ಕದ ಸೀಟಿನ ಮೇಲೆ ಒಂದು ಕಂದುಬಣ್ಣದ ದಿಂಬಿದೆ, ನಡುವೆ ತಗ್ಗು ಬಿದ್ದಿದೆ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಹತ್ತಿದ ನನಗೆ ಯೂಲಾ ಮೊದಲೇ ಹೇಳುತ್ತಾರೆ, "ಅದರ ಮೇಲೆ ಕೂರ್ಬೇಡ ಮಗಾ. ತೆಗೆದು ಹಿಂದಿಡು. ಕೂಟರ್‌ದು."

ನಮ್ಮಲ್ಲಿ ಮಗುವಿಗೆ ಚರ್ಚಿಗೊಂದು ಹೆಸರು, ಮನೆಗೊಂದು ಹೆಸರು. ಚರ್ಚಿನಲ್ಲಿ ಸಾಲಮನ್ ಮಜೀಕ್ ಆಗಿದ್ದವನು ಮನೆಯಲ್ಲಿ ಕೂಟರ್, ಅಂದರೆ ಆಮೆ. ಹುಟ್ಟುವುದಕ್ಕೇ ಎರಡು ದಿನ ತೆಗೆದುಕೊಂಡನಂತೆ. ಬಂದರಿನಲ್ಲಿ ಹಡಗಿನ ಮೂಟೆ ಇಳಿಸುವ ಕೆಲಸ ಮಾಡಿ ನಿವೃತ್ತನಾದ. ಆಮೇಲೆ ಐದಾರು ವರ್ಷ ಬೆಳಿಗ್ಗೆ ಬೆಳಿಗ್ಗೆ ತಂಗಿಯ ಜೊತೆ ಬಸ್ಸು ಹತ್ತಿ ಬಂದು ಈ ಸೀಟಿನಲ್ಲಿ ಕೂರುತ್ತಿದ್ದ. ಕೆಲಸಕ್ಕೇನೂ ಅಲ್ಲ. ಊರು ನೋಡುವುದಕ್ಕೆ. ಹೋದ ವರ್ಷ ಶ್ವಾಸಕೋಶ ಕೈಕೊಟ್ಟು ಹಾಸಿಗೆ ಹಿಡಿಯುವ ತನಕ ಒಂದು ದಿನ ತಪ್ಪಿಸಿಲ್ಲ.

"ಉಣ್ಣೋಕೆ ಕೂತ್ರೆ, ಎದುರಿಗೆ ಕೂತೋರು ತಮ್ಮ ತಟ್ಟೆ ತೊಳೆದು ಒರೆಸಿಟ್ಟು ಒಂದು ನಿದ್ದೆ ಮಾಡಿ ಎದ್ದು ಬಂದ್ರೂ ಇವನದ್ದು ಅರ್ಧ ಆಗಿರ್ತಿರ್ಲಿಲ್ಲ," ಎನ್ನುತ್ತಾರೆ ಯೂಲಾ. "ಆದ್ರೆ ಈ ಬೀದೀಲಿ ಅವನಷ್ಟು ಚೆನ್ನಾಗಿ ಯಾರೂ ಕೂತಿಲ್ಲ."

ಅಣ್ಣ ತಂಗಿಗೆ ಒಂದು ಆಟವಿತ್ತು. ಟ್ರಕ್ಕು ಯಾವ ಮನೆ ಮುಂದೆ ನಿಂತರೂ ಯೂಲಾ ಒಂದು ಹೆಸರು ಹೇಳಬೇಕು, ಕೂಟರ್ ಅದಕ್ಕೊಂದು ಸೇರಿಸಬೇಕು. ಈ ಬಾಗಿಲಲ್ಲಿ ಸೀಗಡಿ ಗಾಡಿಯ ಆರ್ಟೀಮಸ್. ಹೂಂ, ಅವನ ಕುಂಟ ನಾಯಿ. ಇಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಮಿಸ್ ಟ್ರೂಲವ್. ಹೂಂ, ಅವಳ ಸುಟ್ಟ ಬೆರಳು. ಆ ಮನೆಗಳಲ್ಲಿ ಈಗ ನಮ್ಮ ಕಪ್ಪುಜನ ಒಬ್ಬರೂ ಇಲ್ಲ. ಬಾಡಿಗೆ ಏರಿತು, ಮಾಲೀಕರು ಮಾರಿದರು, ನಮ್ಮವರು ಬಡಗಣಕ್ಕೆ ಸರಿದರು, ಸೇತುವೆ ದಾಟಿದರು, ದೂರದ ನೆವಾರ್ಕಿಗೆ ಹೋದರು, ಮಣ್ಣಿಗೆ ಹೋದರು. ಮನೆಗಳಿಗೆ ಮಾತ್ರ ಹೊಸ ಬಣ್ಣ.

ಮಂಗಳವಾರ ಬೆಳಿಗ್ಗೆ ಯೂಲಾ ಒಬ್ಬರೇ ಆಡುತ್ತಾರೆ. ಮೊದಲ ಬಾವುಟ ಎತ್ತುವಾಗ, "ಆರ್ಟೀಮಸ್," ಎನ್ನುತ್ತಾರೆ. ನೀರು ಬಿಡುತ್ತಾರೆ. ಸ್ವಲ್ಪ ಹೊತ್ತು ಕಾಯುತ್ತಾರೆ. ಆಮೇಲೆ ತಾವೇ, "ಅವನ ಕುಂಟ ನಾಯಿ," ಎಂದು ಪೈಪು ಸುತ್ತುತ್ತಾರೆ.

ಅವರ ಮನೆ ಇದ್ದದ್ದು ಬೋನೋ ಗಲ್ಲಿಯಲ್ಲಿ. ಎರಡು ಬೀದಿಗಳ ನಡುವೆ ಇಟ್ಟಿಗೆ ಹಾಸಿದ ಸಣ್ಣ ಗಲ್ಲಿ. ಐದೇ ಮನೆ. ಬೀದಿಗೆ ಪಕ್ಕೆ ಕೊಟ್ಟು ನಿಂತ, ಉದ್ದುದ್ದ ಪಡಸಾಲೆಯ ಮನೆಗಳು. ಎರಡನೆಯದರಲ್ಲಿ, ಮೇಲಿನ ಎರಡು ಕೋಣೆಗಳಲ್ಲಿ, ಮಜೀಕ್ ಸಂಸಾರ. ಮನೆ ಮುಂದೆ ಬಿಳಿ ಕಲ್ಲಿನ ಒಂದು ಮೆಟ್ಟಿಲು. ಶನಿವಾರ ಶನಿವಾರ ಅವರ ಅಮ್ಮ ಮಂಡಿಯೂರಿ ಅದನ್ನು ಉಜ್ಜಿ ತೊಳೆಯುತ್ತಿದ್ದರು. ಒಂದು ಸಲ ಕೂಟರ್ ಏಡಿ ಬೇಯಿಸುವ ಕಬ್ಬಿಣದ ಪಾತ್ರೆಯನ್ನು ಕೈಜಾರಿ ಕೆಡವಿ ಆ ಮೆಟ್ಟಿಲ ಮೂಲೆ ಮುರಿದ. ಮುರಿದ ಮೂಲೆ ಈಗಲೂ ಹಾಗೇ ಇದೆ. ಯೂಲಾಗೆ ಹದಿನಾಲ್ಕು ತುಂಬಿದ ವರ್ಷ ಮನೆ ಮಾರಾಟವಾಗಿ ಅವರು ಬಿಟ್ಟು ಹೊರಟರು. ಈಗ ಅವರಿಗೆ ಅರವತ್ತಮೂರು.

ಹೊರಗೆ ಹೋಗಿ ಬದುಕಿ ನೋಡಿದ್ದೂ ಆಗಿದೆ. ಗಂಡ ಹೋದ ಮೇಲೆ ಒಂದು ಚಳಿಗಾಲ ನೆವಾರ್ಕಿನಲ್ಲಿ ಕೂಟರನ ಮಗಳ ಮನೆಯಲ್ಲಿದ್ದರು. "ಎಲ್ಲಾ ಚೆನ್ನಾಗಿತ್ತು. ಬಿಸಿ ನೀರು, ಟೀವಿ. ಆದ್ರೆ ಅಲ್ಲಿ ಗಾಳಿಗೆ ವಾಸನೇನೇ ಇಲ್ಲ ಕಣಪ್ಪ. ಬೆಳಿಗ್ಗೆ ಕಿಟಕಿ ತೆಗೆದ್ರೆ ಭರತವೋ ಇಳಿತವೋ ಗೊತ್ತಾಗಲ್ಲ. ಗೊತ್ತಾಗ್ದೇ ಇದ್ರೆ ಎದ್ದು ಏನ್ ಮಾಡ್ಬೇಕು? ಬಂದ್ಬಿಟ್ಟೆ."

ನಮ್ಮಲ್ಲಿ ಸತ್ತವರನ್ನು ನೇರ ಗೋರಿಗೆ ಒಯ್ಯುವುದಿಲ್ಲ. ಚರ್ಚಿನಿಂದ ಹೊರಟ ಗಾಡಿ ಮೊದಲು ಅವರ ಮನೆ ಮುಂದೆ ಹೋಗಿ ನಿಲ್ಲಬೇಕು. ಸತ್ತವರು ಮನೆ ನೋಡಬೇಕು, ಮನೆ ಸತ್ತವರನ್ನು ನೋಡಬೇಕು. ಅವಸರ ಮಾಡಿದರೆ ಅವರು ಮನೆ ಹುಡುಕುತ್ತ ತಿರುಗುತ್ತಾರೆ ಅನ್ನುತ್ತಾರೆ. ಕೂಟರ್ ಉಸಿರು ಬಿಟ್ಟದ್ದು ನಾರ್ತ್ ಚಾರ್ಲ್ಸ್‌ಟನ್ನಿನ ಬಾಡಿಗೆ ಮನೆಯಲ್ಲಿ. ಅದನ್ನು ಅವನು ಯಾವತ್ತೂ ಮನೆ ಅಂದವನಲ್ಲ, 'ಆ ರೂಮು' ಅನ್ನುತ್ತಿದ್ದ. ಸಾಯುವ ಹಿಂದಿನ ರಾತ್ರಿಯೇ ತಂಗಿಯ ಮುಂಗೈ ಹಿಡಿದು ಹೇಳಿದನಂತೆ: "ಯೂಲಾ, ನನ್ನನ್ನ ಗಲ್ಲಿ ಮೇಲೆ ಕರ್ಕೊಂಡ್ಹೋಗು. ಓಡಿಸ್ಕೊಂಡು ಹೋಗ್ಬೇಡ. ಮೆಟ್ಲು ಹತ್ರ ಸ್ವಲ್ಪ ನಿಲ್ಸು."

ಅಷ್ಟೇ. ಇಷ್ಟು ದೊಡ್ಡ ಊರಿನಲ್ಲಿ, ಒಬ್ಬ ಮನುಷ್ಯ ತಾನು ಹುಟ್ಟಿದ ಮನೆ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಸತ್ತ ಮೇಲೆ.

ಆಗುವುದಿಲ್ಲ. ಬೋನೋ ಗಲ್ಲಿಯ ಇಟ್ಟಿಗೆ ಹಾಸು ಈಗ ಆ ಐದು ಮನೆಯವರ ಸ್ವಂತ. ಶವದ ಉದ್ದನೆಯ ಕಾರು ಗಲ್ಲಿಯ ಬಾಯಲ್ಲಿ ತಿರುಗುವುದಿಲ್ಲ, ಎರಡೂ ಕಡೆ ಗೋಡೆ. ಕುದುರೆ ಕಟ್ಟಿದ ಗಾಜಿನ ಬಂಡಿಯಾದರೆ ತಿರುಗುತ್ತದೆ. ಆದರೆ ಕುದುರೆಗೆ ಅಲ್ಲಿ ಪ್ರವೇಶವಿಲ್ಲ, ಫಲಕ ಹಾಕಿದ್ದಾರೆ.

ಬುಧವಾರ ಕೆಲಸ ಮುಗಿಸಿ, ರಬ್ಬರ್ ಬೂಟು ಕಳಚಿ ಚಪ್ಪಲಿ ಹಾಕಿಕೊಂಡು ಯೂಲಾ ಆ ಎರಡನೆಯ ಮನೆಗೆ ಹೋಗುತ್ತಾರೆ. ಮೆಟ್ಟಿಲ ಮೇಲೆ ಕಾಲಿಡುವುದಿಲ್ಲ. ಕೆಳಗೇ ನಿಂತು ಗಂಟೆ ಒತ್ತುತ್ತಾರೆ. ಬಾಗಿಲು ತೆಗೆದವರು ಮಿಸೆಸ್ ಹಾಲ್‌ಬ್ರುಕ್, ಒಹಾಯೋದವರು, ಈಗ ಮನೆಯ ಒಡತಿ. ಗಲ್ಲಿಯವರ ಪರವಾಗಿ ಇಂಥ ವಿಷಯ ನೋಡಿಕೊಳ್ಳುವವರೂ ಅವರೇ.

"ನೀವು ಆ ನೀರಿನ ಗಾಡಿಯವರಲ್ವಾ? ಇಲ್ಲಿ ಯಾವ ಕುದುರೆಯೂ ಬಂದಿಲ್ಲ."

"ಕುದುರೆ ವಿಷಯಕ್ಕೇ ಬಂದಿದ್ದು ಮೇಡಂ. ನಮ್ಮಣ್ಣ ಹೋಗ್ಬಿಟ್ಟ."

ಯೂಲಾ ಎಲ್ಲವನ್ನೂ ಹೇಳುತ್ತಾರೆ. ಮಿಸೆಸ್ ಹಾಲ್‌ಬ್ರುಕ್ ಕೆಟ್ಟವರಲ್ಲ. ಕಣ್ಣು ಒದ್ದೆಯಾಗುತ್ತದೆ, ಒಂದು ಲೋಟ ತಣ್ಣನೆ ಚಹಾ ತಂದು ಕೊಡುತ್ತಾರೆ. ನಮ್ಮ ಊರಿನಲ್ಲಿ ಕೆಟ್ಟವರ ಜೊತೆ ಜಗಳ ಆಡಬಹುದು, ಇಂಥವರ ಜೊತೆ ಆಡುವುದು ಹೇಗೆ ಎಂದು ಯಾರೂ ಕಲಿಸಿಲ್ಲ.

"ಈ ಮನೆ ಅಂದ್ರೆ ನನಗೂ ಪ್ರಾಣ," ಎನ್ನುತ್ತಾರೆ ಅವರು. "ಹನ್ನೊಂದು ವರ್ಷ ಆಯ್ತು ನಾವು ಬಂದು. ನೋಡಿ, ನಾನೊಬ್ಬಳೇ ಆಗಿದ್ರೆ ಹೂಂ ಅಂದ್ಬಿಡ್ತಿದ್ದೆ. ಹಿಂದೆ ಒಂದು ಸಾರೋಟು ತಪ್ಪಿ ಒಳಗೆ ಬಂದು ಕುದುರೆ ಗಲೀಜು ಮಾಡ್ತು. ವಾರ ಪೂರ್ತಿ ವಾಸನೆ. ಅದಕ್ಕೇ ಎಲ್ಲರೂ ಸೇರಿ ಫಲಕ ಹಾಕಿದ್ದು."

ಒಳಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದು ಹೇಳುತ್ತಾರೆ. ಬರಬಹುದು, ಒಂದು ಸಲಕ್ಕೆ. ಆದರೆ ನಿಲ್ಲಿಸುವ ಹಾಗಿಲ್ಲ, ಸುಮ್ಮನೆ ಹಾದು ಹೋಗಬೇಕು. ಮತ್ತೆ, ಕುದುರೆ ಗಲ್ಲಿಯಲ್ಲಿ ಇರುವಷ್ಟು ಹೊತ್ತೂ ನೀರಿನ ಗಾಡಿ ಅದರ ಹಿಂದೆಯೇ ಇರಬೇಕು. ಏನಾದರೂ ಬಿದ್ದರೆ ಆ ಕ್ಷಣಕ್ಕೇ ತೊಳೆಯಬೇಕು, ಚೆನ್ನಾಗಿ.

"ನಿಲ್ಲೋದೇ ಬೇಡ್ವಾ ಮೇಡಂ? ಸ್ವಲ್ಪವೂ?"

"ನಿಂತ್ರೆ ಜನ ಸೇರ್ತಾರೆ. ನಿಮಗೆ ಅರ್ಥ ಆಗತ್ತೆ ಅಂದ್ಕೋತೀನಿ."

ಯೂಲಾ ಲೋಟ ವಾಪಸು ಕೊಡುತ್ತಾರೆ. ಹೊರಡುವಾಗ ಕಣ್ಣು ಮೆಟ್ಟಿಲ ಮೂಲೆಗೆ ಹೋಗುತ್ತದೆ. ಪಾಚಿ ಕಟ್ಟಿದೆ.

"ಸತ್ತೋರಿಗೆ ಮನೆ ನೋಡೋಕೆ ಎಷ್ಟು ಹೊತ್ತು ಬೇಕು ಅಂತ ಅವರಿಗೇನು ಗೊತ್ತು," ಎನ್ನುತ್ತಾರೆ ಆಮೇಲೆ, ಬಸ್ಸಿಗೆ ಕಾಯುತ್ತ. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಇರಬೇಕಿತ್ತು. "ಬೇರೆಯವನಾಗಿದ್ರೆ ಹಾದು ಹೋಗೋವಾಗ ನೋಡ್ಕೋತಿದ್ದ. ನಮ್ಮೋನು ಕೂಟರ್."

ಗುರುವಾರ ಬೆಳಿಗ್ಗೆ ಮಾರುಕಟ್ಟೆ ಬಳಿ ಸಾರೋಟಿನವರು ಸಾಲಾಗಿ ನಿಂತು, ಯಾವ ದಾರಿ ಯಾರಿಗೆ ಎಂದು ಲಾಟರಿ ಚೆಂಡು ಬೀಳುವುದನ್ನು ಕಾಯುತ್ತಿದ್ದಾರೆ. ಆಲ್ಫಾನ್ಸೊ ವಾಂಡ್ರಾಸ್, ಅಂದರೆ ಫಾನ್ಜೊ, ಸಾರೋಟಿನ ಮುಂದಿನ ಸೀಟಿನ ಮೇಲೆ ಕಾಲು ಚಾಚಿ ಕೂತು ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದಾನೆ. ಐವತ್ತು ದಾಟಿದ ಮನುಷ್ಯ. ಹತ್ತು ಹೇಳಿದರೆ ಎರಡು ನಿಜ ಹೇಳುತ್ತಾನೆ, ಆ ಎರಡನ್ನೂ ನಗಿಸುತ್ತ. ಶವದ ಗಾಜಿನ ಬಂಡಿಯನ್ನೂ ಡೀಕನನ್ನೂ ನಡೆಸುವವನು ಅವನೇ.

"ನಿಲ್ಸೋ ಹಾಗಿಲ್ಲ?" ಎಂದು ಕೇಳುತ್ತಾನೆ.

"ಇಲ್ಲ."

"ಗಲೀಜಾದ್ರೆ?"

"ಆ ಕ್ಷಣಕ್ಕೇ ತೊಳೀಬೇಕು. ಚೆನ್ನಾಗಿ."

ಫಾನ್ಜೊ ಒಂದು ಕಡಲೆಕಾಯಿ ಬಾಯಿಗೆ ಹಾಕಿಕೊಂಡು ಡೀಕನ್ ಕಡೆ ನೋಡುತ್ತಾನೆ. ಡೀಕನ್ ಎಲ್ಲೂ ನೋಡುವುದಿಲ್ಲ.

"ಸರಿ ಮಿಸ್ ಯೂಲಾ," ಎನ್ನುತ್ತಾನೆ. "ಅವರು ಹೇಳಿದ ಹಾಗೇ ಆಗ್ಲಿ."

ಇನ್ನೊಂದು ತೊಡಕು. ಶನಿವಾರ ಪ್ರವಾಸಿಗಳ ದಿನ. ಯೂಲಾ ದಿನಾ ಓಡಿಸುವ ಟ್ರಕ್ಕು, ಅವರ ಬದಲಿಗೆ ಅದನ್ನು ಓಡಿಸುವ ಆಳು, ಎರಡೂ ಬೀದಿಯಲ್ಲಿ ಇರಲೇಬೇಕು. ಮೂಲೆಯಲ್ಲಿ ನಿಂತಿರುವ ಹಳೇ ಟ್ರಕ್ಕನ್ನು ಬೇಕಾದರೆ ಒಯ್ಯಬಹುದು ಅಂತಾರೆ ಲಾಯದವರು. ಅದರ ಪಂಪು ಯೂಲಾ ಕೈಗಲ್ಲದೆ ಇನ್ನೊಬ್ಬರಿಗೆ ಬಗ್ಗುವುದಿಲ್ಲ. ಅಂದರೆ ಏನಾಯಿತು? ಶವದ ಬಂಡಿಯ ಹಿಂದೆಯೇ, ಮೊದಲ ಕಾರಿನಲ್ಲಿ ಕೂರಬೇಕಾದ ಒಬ್ಬಳೇ ತಂಗಿ, ಎಲ್ಲರ ಹಿಂದೆ ಉಚ್ಚೆ ತೊಳೆಯುವ ಟ್ರಕ್ಕು ಓಡಿಸಿಕೊಂಡು ಬರಬೇಕು.

ಶುಕ್ರವಾರ ಸಂಜೆ ನೆವಾರ್ಕಿನಿಂದ ಬಂದಿಳಿದ ಕೂಟರನ ಮಗಳು ಲವಿನಿಯಾ ಇದನ್ನು ಕೇಳಿ ಅಡುಗೆಮನೆಯಲ್ಲೇ ನಿಂತುಬಿಡುತ್ತಾಳೆ. ಒಲೆ ಮೇಲೆ ಟೊಮೆಟೊ ಹಾಕಿದ ಕೆಂಪನ್ನ, ಪಕ್ಕದಲ್ಲಿ ಕರಿದ ಮೀನು. ಯೂಲಾ ಬೆಂಡೆಕಾಯಿ ಹೆಚ್ಚುತ್ತಿದ್ದಾರೆ.

"ಅತ್ತೆ, ನನ್ನಪ್ಪನ ಹಿಂದೆ ಉಚ್ಚೆ ಗಾಡೀಲಿ ಬರ್ತೀಯಾ ನೀನು?"

"ಉಚ್ಚೆ ಗಾಡಿ ಅಲ್ಲ ಕಣೇ. ಒಳ್ಳೆ ನೀರು ತುಂಬಿರತ್ತೆ."

"ನಗಿಸ್ಬೇಡ ನನ್ನ. ಜನ ಏನಂತಾರೆ? ಬಿಳೀ ಬಟ್ಟೆ ಉಟ್ಕೊಂಡು, ಕೈಗವಸು ಹಾಕ್ಕೊಂಡು..."

"ಕೈಗವಸು ಹಾಕ್ಕೋಬೇಕು ಮತ್ತೆ. ಪೈಪು ಕೈ ತರಚತ್ತೆ."

"ನಿಮ್ಮ ಈ ಹಾಳು ಊರು," ಎಂದು ಲವಿನಿಯಾ ಕುರ್ಚಿ ಎಳೆದು ಕೂರುತ್ತಾಳೆ. "ನಿಮ್ಮನ್ನ ಓಡಿಸ್ತು. ಅಪ್ಪನ್ನ ಓಡಿಸ್ತು. ಹೆಣಾನೂ ನಿಲ್ಲೋಕೆ ಬಿಡಲ್ಲ. ಇದರಲ್ಲಿ ಏನಿದೆ ಅಂತ ಅದರ ಕಾಲು ತೊಳೀತೀಯ ನೀನು?"

ಯೂಲಾ ಚಾಕು ಕೆಳಗಿಡುತ್ತಾರೆ. "ಊರು ಓಡಿಸ್ಲಿಲ್ಲ ಕಣೇ. ಜನ ಓಡ್ಸಿದ್ದು. ಊರು ಅಲ್ಲೇ ಇದೆಯಲ್ಲ, ಅದಕ್ಕೆ ಕಾಲಿಲ್ಲ, ಬಾಯಿಲ್ಲ. ಅದನ್ನ ಯಾಕೆ ಬಯ್ಲಿ?" ಒಲೆ ಕಡೆ ತಿರುಗಿ, "ಉಪ್ಪು ನೋಡು," ಎಂದು ಸೌಟು ಚಾಚುತ್ತಾರೆ.

ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಬರೆದುಕೊಂಡೆ, ಅಷ್ಟೇ.

ಶನಿವಾರ ಹನ್ನೊಂದಕ್ಕೆ ಚರ್ಚಿನಲ್ಲಿ ಪ್ರಾರ್ಥನೆ ಮುಗಿಯುತ್ತದೆ. ಬಿಸಿಲು ಏರಿದೆ. ಗಾಜಿನ ಬಂಡಿಯೊಳಗೆ ಕೂಟರನ ಪೆಟ್ಟಿಗೆ, ಮೇಲೆ ಬಂದರಿನ ಗೆಳೆಯರು ಇಟ್ಟ ಅವನ ಹಳೇ ಟೋಪಿ. ಡೀಕನ್ ತಲೆಗೆ ಕಪ್ಪು ಗರಿ. ಫಾನ್ಜೊ ಉದ್ದ ಕೋಟು ಹಾಕಿ ನೆಟ್ಟಗೆ ಕೂತಿದ್ದಾನೆ. ಆ ಮುಖದಲ್ಲಿ ಇಷ್ಟು ಗಾಂಭೀರ್ಯವನ್ನು ಯಾರೂ ಹಿಂದೆ ಕಂಡಿಲ್ಲ. ಕುದುರೆಗೆ ಹೊರಡುವ ಮುಂಚೆ ಶಿಳ್ಳೆ ಹಾಕಿದೆಯೇನೋ ಎಂದು ಒಬ್ಬರು ಕೇಳಿದ್ದಕ್ಕೆ, ಸಾವಿನ ದಿನ ಶಿಳ್ಳೆ ಹಾಕುವುದುಂಟೇ ಎಂದು ಬೇಸರಪಟ್ಟುಕೊಳ್ಳುತ್ತಾನೆ. ಬೆಳಿಗ್ಗೆ ಡೀಕನ್ ಮುಂದಿಟ್ಟ ಬಕೆಟ್ಟು ಎರಡು ಸಲ ಖಾಲಿಯಾಗಿದ್ದನ್ನು ಮಾತ್ರ ಅಲ್ಲಿದ್ದವರು ನೋಡಿದ್ದಾರೆ.

ಬೋನೋ ಗಲ್ಲಿಯ ಬಾಯಲ್ಲಿ ಕಾರುಗಳೆಲ್ಲ ನಿಲ್ಲುತ್ತವೆ. ಜನ ಇಳಿದು ನಡೆಯುತ್ತಾರೆ. ಬಂಡಿ ಗೋಡೆ ಗೋಡೆಯ ನಡುವೆ ತಿರುಗಿ ಒಳಗೆ ಹೋಗುತ್ತದೆ. ಅದರ ಹಿಂದೆ ಎಪ್ಪತ್ತೆಂಬತ್ತು ಜನ, ಹಾಡು ಬಾಯಿ ಮುಚ್ಚಿಕೊಂಡೇ ಗುನುಗುತ್ತ. ಆ ಜನರ ಹಿಂದೆ, ಕೊನೆಯಲ್ಲಿ, ಗಲ್ಲಿಯೊಳಗೆ ಹೋದ ಒಂದೇ ಮೋಟಾರು, ತುಕ್ಕು ಹಿಡಿದ ಆ ನೀರಿನ ಟ್ರಕ್ಕು. ಚಕ್ರದ ಹಿಂದೆ ಬಿಳಿ ಟೋಪಿ, ಬಿಳಿ ಬಟ್ಟೆ, ಬಿಳಿ ಕೈಗವಸು ಹಾಕಿದ ಯೂಲಾ. ಪಕ್ಕದ ಸೀಟಿನಲ್ಲಿ, ದಿನದ ಟ್ರಕ್ಕಿನಿಂದ ತಂದಿಟ್ಟ ದಿಂಬು.

ಮೊದಲ ಮನೆ ದಾಟುತ್ತದೆ. ಮಿಸೆಸ್ ಹಾಲ್‌ಬ್ರುಕ್ ಮೇಲಿನ ಪಡಸಾಲೆಯಲ್ಲಿ, ಎದೆ ಮೇಲೆ ಕೈಯಿಟ್ಟು ನಿಂತಿದ್ದಾರೆ. ಡೀಕನ್ ಒಂದೇ ಸಮ ಹೆಜ್ಜೆ ಹಾಕುತ್ತಿದೆ. ನಿಲ್ಲುವ ಹಾಗಿಲ್ಲ. ಹಾದು ಹೋಗಬೇಕು. ಮೆಟ್ಟಿಲು ಬರುತ್ತದೆ, ಬಂಡಿಯ ಮುಂದಿನ ಚಕ್ರ ಅದನ್ನು ಮುಟ್ಟುವಷ್ಟು ಹತ್ತಿರ.

ಆಗ ಗುನುಗಿನ ಮಧ್ಯೆ ಇನ್ನೊಂದು ದನಿ. ಸಣ್ಣಗೆ, ಉದ್ದಕ್ಕೆ, ಮಗುವನ್ನು ಮಲಗಿಸುವ ಹಾಗೆ.

ಡೀಕನ್ ನಿಲ್ಲುತ್ತದೆ. ಹಿಂಗಾಲು ಅಗಲಿಸುತ್ತದೆ. ಆಮೇಲೆ ಗಲ್ಲಿಯಲ್ಲಿ ಬೇರೇನೂ ಕೇಳಿಸುವುದಿಲ್ಲ, ಅಷ್ಟು ಸದ್ದು. ಎಷ್ಟು ಹೊತ್ತೆಂದರೆ, ಮುಖ ಮುಚ್ಚಿಕೊಂಡಿದ್ದ ಲವಿನಿಯಾ ಬೆರಳ ಸಂದಿಯಿಂದ ಇಣುಕಿ ನೋಡಿ ಮತ್ತೆ ಮುಚ್ಚಿಕೊಳ್ಳುವಷ್ಟು.

ಫಾನ್ಜೊನ ಕೈ ರೂಢಿಯಂತೆ ಸೀಟಿನ ಕೆಳಗೆ ಹೋಗುತ್ತದೆ. ಪುಟ್ಟ ಬಾವುಟ ಇಟ್ಟಿಗೆ ಮೇಲೆ ಬೀಳುತ್ತದೆ. ಕೋಟಿನ ಜೇಬಿನಿಂದ ವೈರ್‌ಲೆಸ್ಸು ಹೊರಬರುತ್ತದೆ. ಮೂವತ್ತು ಹೆಜ್ಜೆ ಹಿಂದೆ, ಟ್ರಕ್ಕಿನೊಳಗಿಂದ, ಅವನದೇ ದನಿ ಗರಗರ ಎನ್ನುತ್ತ ಎಲ್ಲರಿಗೂ ಕೇಳಿಸುತ್ತದೆ: "ಮಿಸ್ ಯೂಲಾ, ಬೋನೋ ಗಲ್ಲಿ. ಎರಡನೇ ಮನೆ ಮುಂದೆ."

ಯಾರೋ ಮೂಗಿನಲ್ಲಿ ನಗುತ್ತಾರೆ. ಬಂದರಿನ ಒಬ್ಬ ಮುದುಕ, "ಕೂಟರ್ ಕೆಲಸ ಇದು," ಎನ್ನುತ್ತಾನೆ. ಆಮೇಲೆ ತಡೆಯಲಾಗದೆ ಇಡೀ ಗಲ್ಲಿ, ಅತ್ತ ಕಣ್ಣಲ್ಲೇ, ನಗುತ್ತದೆ.

ಟ್ರಕ್ಕಿನ ಬಾಗಿಲು ತೆರೆಯುತ್ತದೆ. ಯೂಲಾ ಇಳಿದು ಪಂಪಿಗೆ ಎರಡು ಗುದ್ದು ಕೊಟ್ಟು, ಪೈಪು ಎಳೆದುಕೊಂಡು ನಡೆಯುತ್ತಾರೆ. ಜನ ಎರಡು ಕಡೆ ಸರಿಯುತ್ತಾರೆ. ಮೂಗು ಮುಚ್ಚಿಕೊಂಡು ಅಲ್ಲ, ಟೋಪಿ ತೆಗೆದು. ಬಂಡಿಗೂ ಗೋಡೆಗೂ ನಡುವೆ ಇರುವ ಜಾಗ ಒಬ್ಬರು ಪಕ್ಕವಾಗಿ ನುಸುಳುವಷ್ಟೇ. ಅಣ್ಣನ ಗಾಜಿಗೆ ಬೆನ್ನು ಒರಗಿಸಿಕೊಂಡೇ ಅವರು ಮುಂದಕ್ಕೆ ಹೋಗಬೇಕು. ಹೋಗುತ್ತಾರೆ. ನಡುವೆ ಒಂದು ಕಡೆ ನಿಲ್ಲುತ್ತಾರೆ. ಆಮೇಲೆ ಮುಂದೆ ಸರಿಯುತ್ತಾರೆ.

ಆ ಕ್ಷಣಕ್ಕೇ ತೊಳೆಯಬೇಕು, ಚೆನ್ನಾಗಿ. ಮಾತು ಕೊಟ್ಟಾಗಿದೆ. ಬೀದಿಯಲ್ಲಿ ಒಂದು ಬಾವುಟಕ್ಕೆ ಯೂಲಾ ತೆಗೆದುಕೊಳ್ಳುವ ಹೊತ್ತು ಒಂದು ಸಿಗರೇಟು ಸೇದುವಷ್ಟೂ ಅಲ್ಲ. ಇಲ್ಲಿ ಅವರಿಗೆ ಅವಸರವಿಲ್ಲ. ಉಚ್ಚೆ ಬಿದ್ದ ಇಟ್ಟಿಗೆ ತೊಳೆಯುತ್ತಾರೆ. ದ್ರಾವಣ ಹಾಕಿ, ಅದು ಕೂರಲೆಂದು ಕಾಯುತ್ತಾರೆ. ಮತ್ತೆ ತೊಳೆಯುತ್ತಾರೆ. ಅದರ ಪಕ್ಕದ ಇಟ್ಟಿಗೆ, ಅದರ ಪಕ್ಕದ್ದು. ನೀರಿನ ಗಾಡಿ ಹಿಂದಿಲ್ಲದೆ ಕುದುರೆ ಗಲ್ಲಿಯಲ್ಲಿ ಕದಲುವ ಹಾಗಿಲ್ಲ, ಅದೂ ಮಾತು. ಡೀಕನ್ ನಿಂತಿದೆ. ಕೂಟರ್ ನಿಂತಿದ್ದಾನೆ. ಜನ ಮತ್ತೆ ಗುನುಗುತ್ತಿದ್ದಾರೆ.

ಆಮೇಲೆ ಯೂಲಾ ಮೆಟ್ಟಿಲಿಗೆ ಬರುತ್ತಾರೆ. ಕೈಗವಸು ಕಳಚುತ್ತಾರೆ. ಬಿಳಿ ಬಟ್ಟೆಯಲ್ಲೇ ಮಂಡಿಯೂರಿ, ಪೈಪಿನ ನೀರು ಸಣ್ಣಗೆ ಬಿಟ್ಟುಕೊಂಡು, ಬರಿಗೈಯಲ್ಲಿ ಮೆಟ್ಟಿಲ ಮೂಲೆಯ ಪಾಚಿ ಉಜ್ಜುತ್ತಾರೆ.

ಮಿಸೆಸ್ ಹಾಲ್‌ಬ್ರುಕ್ ಬಾಗಿಲಿಗೆ ಇಳಿದು ಬಂದಿದ್ದಾರೆ. "ಅಲ್ಲಿ ಏನೂ ಬಿದ್ದಿಲ್ಲವಲ್ಲ," ಎನ್ನುತ್ತಾರೆ ಮೆಲ್ಲಗೆ.

"ಬಿದ್ದಿತ್ತು ಮೇಡಂ," ಎನ್ನುತ್ತಾರೆ ಯೂಲಾ, ತಲೆ ಎತ್ತದೆ. "ಏಡಿ ಬೇಯ್ಸೋ ಕಬ್ಬಿಣದ ಪಾತ್ರೆ. ನೀವಾಗ ಬಂದಿರ್ಲಿಲ್ಲ."

ಆ ಹೆಂಗಸು ಗಾಜಿನೊಳಗಿನ ಪೆಟ್ಟಿಗೆ ನೋಡುತ್ತಾರೆ, ಮುರಿದ ಮೂಲೆ ನೋಡುತ್ತಾರೆ. ಬಾಗಿಲಲ್ಲೇ ನಿಂತಿರುತ್ತಾರೆ.

ಕಲ್ಲು ಬೆಳ್ಳಗಾದ ಮೇಲೆ ಯೂಲಾ ಎದ್ದು, ಬಾವುಟ ಎತ್ತಿಕೊಂಡು, "ಆಯ್ತು ಫಾನ್ಜೊ," ಎನ್ನುತ್ತಾರೆ. ಬಂಡಿ ಗಲ್ಲಿಯ ಆ ತುದಿಯಿಂದ ಹೊರಬಿದ್ದು ಬಡಗಣಕ್ಕೆ, ಜವುಗಿನ ಪಕ್ಕದ ನಮ್ಮ ಗೋರಿಗಳ ಕಡೆ ತಿರುಗುತ್ತದೆ. ಕೂಟರ್ ಮನೆ ನೋಡಿದ. ತನ್ನ ವೇಗದಲ್ಲಿ ನೋಡಿದ.

ಶಿಳ್ಳೆಯ ಬಗ್ಗೆ ಆಮೇಲೆ ಕೇಳಿದರೆ ಫಾನ್ಜೊ ಕಣ್ಣಗಲ ಮಾಡುತ್ತಾನೆ. "ನಾನಾ? ಹಲ್ಲಿನ ಸಂದೀಲಿ ಗಾಳಿ ಹೋಗಿರ್ಬೇಕು. ಎರಡು ಹಲ್ಲು ಬಿದ್ದಿದೆ, ನೋಡು."

ಮಂಗಳವಾರ. ಮತ್ತೆ ಅದೇ ಅಂಗಳ, ಅದೇ ನೀರು. ಲವಿನಿಯಾ ನೆವಾರ್ಕಿಗೆ ಹೋಗಿಯಾಗಿದೆ. ಯೂಲಾ ದಿಂಬು ಕೊಡವಿ ಮತ್ತೆ ಪಕ್ಕದ ಸೀಟಿನಲ್ಲೇ ಇಡುತ್ತಾರೆ. ಮೊದಲ ಬಾವುಟದ ಬಳಿ, "ಮಿಸ್ ಟ್ರೂಲವ್," ಎನ್ನುತ್ತಾರೆ. ನೀರು ಬಿಡುತ್ತಾರೆ. ಸುಟ್ಟ ಬೆರಳಿನ ಮಾತು ಬರುತ್ತದೆಂದು ಕಾಯುತ್ತೇವೆ. ಇವತ್ತು ಅವರು ಅದನ್ನು ಹೇಳುವುದಿಲ್ಲ. ಪೈಪು ಸುತ್ತುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ, ಏನೂ ಇಲ್ಲ ಎನ್ನುತ್ತಾರೆ ಮೊದಲು. ಮುಂದಿನ ಬೀದಿಗೆ ತಿರುಗಿದ ಮೇಲೆ, ಕೇಳಿದ್ದು ಮರೆತೇಹೋಗಿರುವಾಗ, ತಾವಾಗಿಯೇ ಹೇಳುತ್ತಾರೆ.

"ನನ್ನನ್ನೂ ಆ ಗಲ್ಲಿ ಮೇಲೇ ಕರ್ಕೊಂಡು ಹೋಗ್ಲಿ. ಫಾನ್ಜೊಗೆ ಹೇಳಿಟ್ಟಿದೀನಿ. ಆದ್ರೆ ನನ್ನ ದಿನ ಡೀಕನ್‌ಗೆ ಬೆಳಿಗ್ಗೆ ನೀರು ಕುಡಿಸ್ಬೇಡಪ್ಪ ಅಂದಿದೀನಿ. ನಿಲ್ಲೋದು ಬೇಡ, ಹಾದು ಹೋದ್ರೆ ಸಾಕು. ಹಿಂದೆ ತೊಳೆಯೋಕೆ ನಾನಿರಲ್ವಲ್ಲ."